ಗೋಡೆಗೆ ಬೆಲ್ಲ ಹಾಕಿದ ಪ್ರಸಂಗ

ಮನೆಯ ಗೋಡೆಗೆ ರಾಸಾಯನಿಕ ಬಣ್ಣ ಬಳಿಯುವುದು ತಪ್ಪು ಎಂದು ನಾನು ಈಗಲೂ ಹೇಳುತ್ತೇನೆ. ಒಪ್ಪದವರು ಎದ್ದು ನಿಂತು ವಾದಿಸಬಹುದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನನ್ನೆದುರು ಹಾಗೆ ನಿಂತವರೆಲ್ಲ ಕೂತುಬಿಟ್ಟಿದ್ದಾರೆ!

ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಮಾಳಿಗೆ ಮೇಲಿನ ಕೋಣೆ ನನ್ನದು. ಅಕ್ಕನ ಮದುವೆಯಾದ ಮೇಲೆ ದಕ್ಕಿದ ಸ್ವಂತ ರಾಜ್ಯ. ಬೇಸಿಗೆಯಲ್ಲಿ ಮಾತ್ರ ಕಾದ ಹಂಚು. ಹಾಗಾಗಿ ಗೋಡೆಗೆ ಮಣ್ಣು ಮೆತ್ತಿ ಗಿಲಾವು ಮಾಡುತ್ತೇನೆ, ಮಣ್ಣಿನ ಗೋಡೆ ತಂಪು ಎಂದು ಘೋಷಿಸಿದೆ.

"ಪೇಂಟ್ ಹೊಡಸಿದ್ರ ಮುಗೀತಿತ್ತಲ್ಲ?" ಅಂದಳು ಅವ್ವ.

"ಪೇಂಟಿನ ವಾಸನಿಗೆ ಎಷ್ಟು ಹುಳಾ ಸಾಯ್ತಾವ ಗೊತ್ತೇನ್ಬೇ? ನಾವು ಜೈನರು. ಒಂದು ಇರುವಿಗೂ ತ್ರಾಸ ಕೊಡಬಾರದು!"

ಅವ್ವ ಸೆರಗು ಕೊಡವಿ ಮೆಟ್ಟಿಲ ಕಡೆ ತಿರುಗಿದಳು. ಜಯ! ಆದರೆ ಇಳಿದು ಹೋಗುವಾಗ ಒಂದು ಷರತ್ತು ಒಗೆದಳು: "ಗ್ವಾಡಿ ಕೆಡಿಸಿದಿ ಅಂದ್ರ ಆ ಖೋಲಿ ನಿಂದಲ್ಲ ಮತ್ತ."

ಖಾನಾಪುರದ ಕೆಂಪು ಮಣ್ಣು ತರಿಸಿದೆ. ಸಗಣಿ, ಹೊಟ್ಟು ಬೆರೆಸಿದೆ. ಪಾರಿಶ್ವಾಡದ ಸೋದರತ್ತೆ ಫೋನಿನಲ್ಲಿ ಹೇಳಿದಳು, "ಚೂರ ಬೆಲ್ಲದ ನೀರು ಹಾಕವಾ, ಗಟ್ಟಿ ಹಿಡೀತೈತಿ."

ಚೂರು ಅಂದರೆ ಎಷ್ಟು? ಪ್ರಮಾಣವಿಲ್ಲದ ಹೇಳಿಕೆಯನ್ನು ನಾನು ಒಪ್ಪುವವಳಲ್ಲ. ಚೂರಿಗೇ ಗೋಡೆ ಗಟ್ಟಿಯಾದರೆ ತಲೆಗಾತ್ರದ ಇಡೀ ಪೆಂಟೆ ಬೆಲ್ಲಕ್ಕೆ ಕಲ್ಲಾಗಬೇಕು. ಶುದ್ಧ ತರ್ಕ! ಪೆಂಟೆ ಬೆಲ್ಲವನ್ನೇ ಕರಗಿಸಿ ಸುರಿದೆ.

ಗೋಡೆ ಒಣಗಿದ ಮೇಲೆ ಬಾಜು ಮನೆಯ ಕಾಕೂಳನ್ನು ಹೆಮ್ಮೆಯಿಂದ ಕರೆತಂದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು.

"ಯವ್ವಾ, ನಿನ್ನ ಗ್ವಾಡಿ ಹರದಾಡಾಕತ್ತೈತಲ್ಲಾ!"

ಇರುವೆ! ಬಡಾವಣೆಯ ಇರುವೆಗಳೆಲ್ಲ ಕುಟುಂಬ ಸಮೇತ ಗೃಹಪ್ರವೇಶ ಮಾಡಿದ್ದವು. ಕಸಬರಿಗೆ ಎತ್ತಿದೆ. ಬಾಗಿಲಲ್ಲಿ ಅವ್ವ!

"ಇಡು ಕೆಳಗ! ಒಂದು ಇರುವಿಗೂ ತ್ರಾಸ ಕೊಡಬಾರದು ಅಂದಾಕಿ ಯಾರು?"

"ಅದು ಪೇಂಟಿನ ವಿಷಯಕ್ಕ ಅಂದಿದ್ದೆ..."

"ಇರುವಿ ಹೆಸರು ತಗೊಂಡಿದ್ದಿಲ್ಲೋ? ಗ್ವಾಡಿ ಕೆಡಿಸಿದಿ, ಖೋಲಿ ಇನ್ನ ಅವುಗಳದು."

ಕಸಬರಿಗೆ ಕೆಳಗಿಟ್ಟೆ. ಕಾಕೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಹಂಗಾರ ನಾ ಎಲ್ಲಿ ಮಲಗ್ಲಿ?"

"ಹಾಲ್‌ನ್ಯಾಗ. ನಿಮ್ಮಪ್ಪನ ಗೊರಕಿ ಬಾಜೂಕ."

ಆದರೂ ನಾನು ಸೋಲೊಪ್ಪುವುದಿಲ್ಲ. ಮಣ್ಣಿನ ಗೋಡೆ ತಂಪು ಎಂದಿದ್ದೆ, ತಂಪಾಗಿದೆ. ಮನೆ ಸಕಲ ಜೀವಿಗಳಿಗೂ ಹಿತವಾಗಿರಬೇಕು ಎಂದಿದ್ದೆ, ಆಗಿದೆ. ಹಾಲ್‌ನ ಸೆಕೆಯಲ್ಲಿ ಬೆವರುತ್ತ ಹೇಳುತ್ತಿದ್ದೇನೆ: ನನ್ನ ಸಿದ್ಧಾಂತ ನೂರಕ್ಕೆ ನೂರು ಸರಿ. ಸಂಶಯವಿದ್ದವರು ಮೇಲೆ ಹೋಗಿ ನೋಡಬಹುದು.

ನನಗಂತೂ ಪ್ರವೇಶವಿಲ್ಲ!