ಎಡಗೈಯವರ ಪಿಸ್ತೂಲು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನಂಬಲೇಬೇಕೆಂಬ ಒತ್ತಾಯವೂ ಇಲ್ಲ. ನನ್ನ ಸ್ವಂತ ಅಜ್ಜಿಯೇ ಇನ್ನೂ ನಂಬಿಲ್ಲ. ಆದರೆ ಧಾರೇಶ್ವರದಿಂದ ಹೊನ್ನಾವರಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರನ್ನು ಬೇಕಾದರೆ ಕೇಳಿ. ಪಲ್ಲವಿ ಎಂಬ ಪಿಯುಸಿ ಹುಡುಗಿ ಇಡೀ ಒಂದು ವಾರ ಟಿಕೆಟ್ಟಿಗೆ ಎಡಗೈ ಚಾಚಿ, "ಎಂತದೇ ಇದು, ಮರ್ಯಾದೆ ಇಲ್ಲವಾ?" ಎಂದು ಬೈಸಿಕೊಂಡದ್ದು ಅವರಿಗೆ ನೆನಪಿದೆ. ಆ ಪಲ್ಲವಿ ನಾನೇ.

ಹೊನ್ನಾವರದಲ್ಲಿ ಒಂದು ಹಳೆಯ ಹಂಚಿನ ಶೆಡ್ಡು ಇದೆ. ಅದರೊಳಗೆ ನೇವಿ ಸರ್ ಶೂಟಿಂಗ್ ಕಲಿಸುತ್ತಾರೆ. ಅವರಿಗೆ ಬೇರೆ ಹೆಸರಿದೆಯಂತೆ, ಯಾರಿಗೂ ಗೊತ್ತಿಲ್ಲ. ನೌಕಾಪಡೆಯಿಂದ ರಿಟೈರ್ ಆದವರು. ಅವರು "ಉಸಿರು ಹಿಡಿ" ಎಂದರೆ ಮಾಡಿನ ಮೇಲಿನ ಕಾಗೆಯೂ ಹಿಡಿಯುತ್ತದೆ! ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲು, ಹೆಸರುಕಾಳಿನಷ್ಟು ಸೀಸದ ಗುಂಡು, ಹತ್ತು ಮೀಟರ್ ದೂರದಲ್ಲಿ ಒಂದು ಕಾರ್ಡು. ಕಾರ್ಡಿನ ನಟ್ಟನಡುವೆ ಒಂದು ಚುಕ್ಕೆ. ಅದಕ್ಕೆ ತಾಗಿದರೆ ಹತ್ತು ಅಂಕ. ಜೀವನ ಅಷ್ಟೇ.

ನಾವು ಆರು ಮಕ್ಕಳು. ಎರಡು ತಿಂಗಳಿಂದ ಯಾವ ಕೈಗಾದರೂ ಆಗುವ ಎರಡು ಚಪ್ಪಟೆ ಹಿಡಿಕೆಯ ಹಳೇ ಪಿಸ್ತೂಲುಗಳಲ್ಲಿ ಸರದಿಯ ಮೇಲೆ ಹೊಡೆಯುತ್ತಿದ್ದೆವು. ದಸರಾ ರಜೆ ಶುರುವಾದ ದಿನ ಬೆಂಗಳೂರಿನ ಯಾವುದೋ ಕ್ಲಬ್ಬಿನವರು ಕೊಟ್ಟ ಮೂರು ನಿಜವಾದ ಮ್ಯಾಚ್ ಪಿಸ್ತೂಲುಗಳು ಬಂದವು. ಸರ್ ನಿಯಮ ಹೇಳಿದರು: ಹಾಜರಿ ಹೆಚ್ಚಿದ್ದವರು ಮೊದಲು ಆರಿಸಬೇಕು. ಆರಿಸಿದ ಪಿಸ್ತೂಲು ಒಂದು ವರ್ಷ ಅವರದ್ದೇ. ಆ ಮೂವರೇ ಜಿಲ್ಲಾ ಮ್ಯಾಚಿಗೆ. ಭಾನುವಾರ ಹೆಸರು ಕಳಿಸುವುದು.

ಹಾಜರಿಯಲ್ಲಿ ನಾನೇ ಮೊದಲು! ಅರ್ಧ ದಿನ ಗುರಿಗಾಗಿ, ಅರ್ಧ ದಿನ ಫೋಟೋಗಾಗಿ ಹೋಗುತ್ತಿದ್ದೆ ಎಂಬುದು ಬೇರೆ ಮಾತು. ಜಿಲ್ಲಾ ಮ್ಯಾಚಿಗೆ ಆಯ್ಕೆಯಾಗಿದ್ದೇನೆ ಎಂದು ಆಯ್ಕೆಗೆ ಹದಿನೈದು ದಿನ ಮೊದಲೇ ಇಡೀ ಕೇರಿಗೆ ಹೇಳಿಯೂ ಆಗಿತ್ತು.

"ಚಂದ ನೋಡಿ ಆರಿಸ್ಬೇಡಿ. ಕಣ್ಣು ಮುಚ್ಚಿ ಹಿಡೀರಿ. ಕೈಗೆ ಕೂತ್ರೆ ನಿಮ್ದು," ಎಂದರು ಸರ್.

ನಾನು ಒಂದೇ ಕಣ್ಣು ಮುಚ್ಚಿದೆ. ಇನ್ನೊಂದು ಕಣ್ಣಿಗೆ ಅದು ಕಂಡಿತು.

ಹೇಗೆ ಹೇಳಲಿ? ಉಳಿದೆರಡು ಪಿಸ್ತೂಲುಗಳು ಪಿಸ್ತೂಲುಗಳು. ಇದು ಮಹಾರಾಣಿ! ನೀಲಿ ಮಿಂಚುವ ಕೊಳವೆ. ಹಳೇ ಹಲಸಿನ ಪೆಟ್ಟಿಗೆಯ ಬಣ್ಣದ ಮರದ ಹಿಡಿಕೆ. ಹಿಡಿಕೆಯ ಮೇಲೆ, ಇಳಿತದ ಹೊತ್ತಿಗೆ ಸಮುದ್ರ ನಮ್ಮೂರ ಮರಳಿನ ಮೇಲೆ ಬಿಟ್ಟುಹೋಗುವಂಥ ಗೆರೆಗಳು. ಬೆರಳು ಬೆರಳಿಗೂ ಒಂದೊಂದು ತಗ್ಗು. ಯಾರೋ ಒಬ್ಬರು ಒಂದು ಕೈಯನ್ನು ವರ್ಷಗಟ್ಟಲೆ ನೋಡಿ ಇದನ್ನು ಕೆತ್ತಿದ್ದಾರೆ ಅನ್ನಿಸಿತು. ನನ್ನ ಬಾಯಿ ತೆರೆದೇ ಇತ್ತು. ಒಂದು ನೊಣ ಒಳಗೆ ಬಂದು, ನೋಡಿ, ಹೊರಗೆ ಹೋಯಿತು.

ಎತ್ತಿ ಹಿಡಿದೆ. ಬಲಗಾಲಿಗೆ ಎಡಗಾಲಿನ ಚಪ್ಪಲಿ ಹಾಕಿದ ಹಾಗಾಯಿತು.

"ಸರ್, ನಂಗೆ ಇದೇ."

"ಅದು ಎಡಗೈಯವ್ರದ್ದು. ಕೆಳಗಿಡು."

ಇಡಬೇಕಿತ್ತು. ಬುದ್ಧಿ ಇದ್ದವರು ಇಡುತ್ತಿದ್ದರು.

"ನಾ ಎಡಚಿನೇ ಸರ್."

"ಎರಡು ತಿಂಗಳಿಂದ ಬಲಗೈಲಿ ಹೊಡಿತೇ ಇದ್ಯಲೇ?"

ಇಲ್ಲಿ ನನ್ನ ಪ್ರತಿಭೆ ಕೆಲಸ ಮಾಡಿತು. ತಲೆ ತಗ್ಗಿಸಿದೆ. ಧ್ವನಿ ಸಣ್ಣ ಮಾಡಿದೆ. "ಸಣ್ಣಿರುವಾಗ ಎಡಗೈಲಿ ಉಂಡ್ರೆ ಮನೆಲಿ ಹೊಡಿತಿದ್ರು ಸರ್. ಹೊಡ್ದು ಹೊಡ್ದು ಬಲಗೈ ರೂಢಿ ಮಾಡ್ಸಿದ್ರು."

"ಯಾರು?"

"ಅಮ್ಮ."

ಸರ್ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನಂಗೂ ಹಾಗೇ," ಎಂದರು. "ಊಟಕ್ಕೆ ಕೂತಾಗ ಅಜ್ಜಿ ನನ್ನ ಎಡಗೈನ ಕಂಬಕ್ಕೆ ಕಟ್ಟಿ ಹಾಕ್ತಿತ್ತು."

ಯುದ್ಧನೌಕೆಯಲ್ಲಿ ಇಪ್ಪತ್ತು ವರ್ಷ ಇದ್ದ ಮನುಷ್ಯ ಕಣ್ಣೊರೆಸಿಕೊಂಡರು! ನಾನು ಸುಳ್ಳು ಹೇಳಿ ಜನರನ್ನು ನಗಿಸಿದ್ದುಂಟು. ಅಳಿಸಿದ್ದು ಇದೇ ಮೊದಲು.

"ಪಿಸ್ತೂಲು ನಿಂದೇ," ಎಂದರು. "ಆದ್ರೆ ಇವತ್ತಿಂದ ಎಲ್ಲಾ ಎಡಗೈಲೇ ಮಾಡ್ಬೇಕು. ಉಣ್ಣುದು, ಬರಿಯುದು, ಎಲ್ಲಾ. ಆತಾ?"

"ಆತು ಸರ್."

ಉಳಿದೆರಡನ್ನು ಇಬ್ಬರು ಹುಡುಗರು ಎತ್ತಿಕೊಂಡ ಮೇಲೆ ಭಟ್ಕಳದ ಅಫ್ರೀನ್ ಓಡುತ್ತಾ ಬಂದಳು. ಅವಳ ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಒಂಬತ್ತನೇ ಕ್ಲಾಸಿನ ಹುಡುಗಿ. ಮಾತು ಕಡಿಮೆ, ಗುರಿ ಹೆಚ್ಚು. ಆರು ಮಕ್ಕಳಲ್ಲಿ ಹುಟ್ಟಾ ಎಡಚಿ ಎಂದರೆ ಅವಳೊಬ್ಬಳೇ. ಅವಳು ನನ್ನ ಕೈಯಲ್ಲಿದ್ದ ಮಹಾರಾಣಿಯನ್ನು ನೋಡಿದಳು. ಖಾಲಿ ಮೇಜನ್ನು ನೋಡಿದಳು.

"ನಿಂಗೆ ಮುಂದಿನ ವರ್ಷ ನೋಡ್ವ, ಮಗಾ," ಎಂದರು ಸರ್.

"ಆತು ಸರ್," ಎಂದು ಚಪ್ಪಟೆ ಹಿಡಿಕೆಯ ಹಳೇ ಪಿಸ್ತೂಲು ಎತ್ತಿಕೊಂಡಳು.

ನನಗೆ ಒಳಗೆ ಏನೋ ಚುಚ್ಚಿತು. ಹಸಿವೆ ಇರಬೇಕು ಅಂದುಕೊಂಡೆ.

ಆ ರಾತ್ರಿಯ ಊಟಕ್ಕೆ ಬಂಗಡೆ ಸಾರು. ಎಡಗೈಯಲ್ಲಿ ಬಂಗಡೆಯ ಮುಳ್ಳು ಬಿಡಿಸಿದ್ದೀರಾ? ಬಿಡಿಸಬೇಡಿ. ಮೊದಲ ತುತ್ತು ಮೂಗಿಗೆ ಹೋಯಿತು. ಎರಡನೆಯದು ಬೆಕ್ಕಿಗೆ.

"ಯೇ ಹೆಣ್ಣೆ, ಎಂತ ಕೈಯೇ ಅದು!" ಅಜ್ಜಿ ಕಿರುಚಿದಳು. "ಬಲಗೈಗೆ ಎಂತ ಆತು?"

"ಎಂತ ಇಲ್ಲ ಅಜ್ಜಿ. ಇದು ಟ್ರೈನಿಂಗು."

"ಟ್ರೈನಿಂಗು! ಆ ಕೈ ಎಂತಕ್ಕೆ ಇರುದು ಅಂತ ಗೊತ್ತಿಲ್ವಾ ನಿಂಗೆ?"

ಬಲಗೈ ಬಿದ್ದುಹೋಗಿದೆ ಎಂದೇ ಅಜ್ಜಿ ತೀರ್ಮಾನಿಸಿದಳು. ಉಪ್ಪು ಮೆಣಸು ನೀವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ನಾನು ಕೆಮ್ಮಿದೆ, ಬೆಕ್ಕು ಕೆಮ್ಮಿತು, ಪಕ್ಕದ ಮನೆಯವರೂ ಕೆಮ್ಮಿದರು. ಅಮ್ಮ ಮಾತ್ರ ಸುಮ್ಮನೆ ನನ್ನನ್ನು ನೋಡುತ್ತಿದ್ದಳು. ನನ್ನ ಅಮ್ಮ ಅಂಗನವಾಡಿ ಟೀಚರು. ಅವಳು ಸುಮ್ಮನೆ ನೋಡಿದರೆ ಮೂವತ್ತು ಮಕ್ಕಳು ತಾವಾಗಿಯೇ ತಪ್ಪು ಒಪ್ಪಿಕೊಳ್ಳುತ್ತವೆ. ನಾನು ಒಪ್ಪಿಕೊಳ್ಳಲಿಲ್ಲ. ನಾನು ಪಿಯುಸಿ!

ಮರುದಿನ ಅಜ್ಜಿ ನನ್ನ ಬಲಗೈಯ ಆರೋಗ್ಯಕ್ಕಾಗಿ ದೇವಸ್ಥಾನಕ್ಕೆ ಎಳೆದುಕೊಂಡು ಹೋದಳು. ತೀರ್ಥಕ್ಕೆ ಸಾಲು. ನನ್ನ ಸರದಿ ಬಂತು. ಬಲಗೈ ಚಾಚುವುದರಲ್ಲಿದ್ದೆ, ಹಿಂದಿನಿಂದ ಒಂದು ಕೆಮ್ಮು ಕೇಳಿತು. ಉಸಿರು ಹಿಡಿಸುವಂಥ ಕೆಮ್ಮು. ತಿರುಗಿದೆ. ಬಿಳಿ ಪಂಚೆ ಉಟ್ಟ ನೇವಿ ಸರ್! ನನ್ನ ಕೈಯನ್ನೇ ನೋಡುತ್ತಿದ್ದಾರೆ.

ಎದುರಿಗೆ ದೇವರು. ಹಿಂದೆ ಸರ್. ನಾನು ಸರ್‌ಗೆ ಹೆದರಿದೆ. ಎಡಗೈ ಚಾಚಿದೆ.

ಭಟ್ಟರ ಕೈ ಗಾಳಿಯಲ್ಲೇ ನಿಂತಿತು. "ಬಲಗೈ, ತಂಗಿ."

"ಭಟ್ರೆ, ಕೊಡಿ," ಹಿಂದಿನಿಂದ ಸರ್ ಗುಡುಗಿದರು. "ಆ ಹುಡುಗಿ ಎಡಚಿ. ಅದ್ರ ಕೈಗೆ ಭಾರೀ ಅನ್ಯಾಯ ಆಗಿದೆ."

"ಯಾರು ಎಡಚಿ? ನನ್ನ ಮೊಮ್ಮಗಳಾ?" ಅಜ್ಜಿ. ಎಲ್ಲ ಅಜ್ಜಿಯರೂ ಹೀಗೇ ಎಂಬಂತೆ ಸರ್ ತಲೆ ಅಲ್ಲಾಡಿಸಿದರು.

"ಬೇಗ ಆಗ್ಲಿ ಮಾರಾಯ್ರೆ, ನಂಗೆ ಬಸ್ಸಿದೆ," ಸಾಲಿನ ಕೊನೆಯಿಂದ ಯಾರೋ.

ಗಲಾಟೆಯಲ್ಲಿ ನಾನು ಎರಡೂ ಕೈ ಚಾಚಿದೆ, ಎರಡೂ ಹಿಂದೆ ತೆಗೆದೆ, ಮತ್ತೆ ಒಂದು ಚಾಚಿದೆ. ತೀರ್ಥ ನನ್ನ ಕಾಲ ಮೇಲೆ ಬಿತ್ತು. ಪಾದ ತುಂಬ ಪವಿತ್ರವಾಯಿತು.

ಶೆಡ್ಡಿನ ಕಥೆ ಇನ್ನೂ ಘೋರ. ಎಡಗೈಯಲ್ಲಿ ಮಹಾರಾಣಿ ಹಿಡಿದರೆ ನನ್ನ ಕೈ ಮೀನು ಕಚ್ಚಿದ ಗಾಳದ ಕೋಲಿನಂತೆ ಅಲ್ಲಾಡುತ್ತಿತ್ತು. ಗುರುವಾರ ಹತ್ತು ಗುಂಡು ಹೊಡೆದೆ. ನನ್ನ ಕಾರ್ಡಿನಲ್ಲಿ ಆರು ತೂತು. ಮೂರು ಗೋಡೆಗೆ. ಉಳಿದದ್ದು ಎಲ್ಲಿ? ಪಕ್ಕದ ಅಫ್ರೀನಳ ಕಾರ್ಡಿನಲ್ಲಿ ಹನ್ನೊಂದು ತೂತು! ಅವಳವು ಹತ್ತೂ ನಡುವಿನ ಕಪ್ಪಿನಲ್ಲಿ ಒತ್ತಾಗಿ ಕೂತಿದ್ದವು. ನನ್ನದು ಮೂಲೆಯಲ್ಲಿ ಪರದೇಶಿಯಂತೆ ನಿಂತಿತ್ತು.

"ಕಟ್ಟಿ ಹಾಕಿದ್ದ ಕೈ ಅಲ್ವಾ, ಟೈಮ್ ಬೇಕು," ಎಂದರು ಸರ್. ಅಷ್ಟು ನಂಬಿಕೆ ನನ್ನ ಮೇಲೆ ನನಗೇ ಇಲ್ಲ.

ಆಮೇಲೆ ಅಫ್ರೀನ್ ಹೊಡೆಯುವುದನ್ನು ನೋಡುತ್ತಾ ನಿಂತೆ. ಇಲ್ಲಿ ನಾನು ಏನೂ ಸೇರಿಸುತ್ತಿಲ್ಲ. ಹಳೇ ಹಿಡಿಕೆ ಜಾರಬಾರದೆಂದು ಕರವಸ್ತ್ರ ಸುತ್ತಿಕೊಂಡಿದ್ದಳು. ಕೈ ಎತ್ತಿದಳು. ನಿಂತಳು. ಅಲ್ಲಾಡಲಿಲ್ಲ ಅಂದರೆ ಅಲ್ಲಾಡಲಿಲ್ಲ. ಹೊರಗೆ ಹೈವೇಯಲ್ಲಿ ಲಾರಿ ಹೋಗಿ ಹಂಚೆಲ್ಲ ಗಡಗಡ ಎಂದರೂ ಆ ಕೈ ನಡುಗಲಿಲ್ಲ. ಟಪ್. ಹತ್ತು. ಕೈ ಅಂದರೆ ಅದು. ನನ್ನವೆರಡೂ ತೋಳಿನ ತುದಿಗೆ ಸಿಕ್ಕಿಸಿದ ಸಾಮಾನು.

ಅವಳು ಪಿಸ್ತೂಲು ಕೆಳಗಿಟ್ಟು ಮೆಲ್ಲಗೆ ಕೇಳಿದಳು, "ಅಕ್ಕಾ, ನೀ ಎಡಚಿ ಅಲ್ಲ ಅಲ್ದಾ?"

"ಯಾರು ಹೇಳಿದ್ದು?"

"ಸೊಳ್ಳೆ ಕಚ್ದಾಗ ಬಲಗೈಲಿ ಹೊಡೀತಿ."

ಸೊಳ್ಳೆಯ ಮುಂದೆ ಯಾರಿಗೆ ನಾಟಕ ಮಾಡಲಿಕ್ಕಾಗುತ್ತದೆ?

"ಸರ್ ಹತ್ರ ಹೇಳ್ತ್ಯಾ?"

"ಇಲ್ಲ," ಎಂದಳು. "ನೀನೇ ಹೇಳು."

ಇದಕ್ಕಿಂತ ಅವಳು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಹೇಳಬೇಕೆಂದು ಶುಕ್ರವಾರ ಹೋದೆ, ಹೇಳಲಿಲ್ಲ. ಶನಿವಾರವೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಸರ್ ರಿಜಿಸ್ಟರ್ ತೆರೆದು ಎರಡು ಹೆಸರು ಬರೆದರು. ಮೂರನೆಯದಕ್ಕೆ 'ಪ' ಎಂದು ಬರೆಯುವಷ್ಟರಲ್ಲಿ ಬಾಗಿಲು ಕಿರುಗುಟ್ಟಿತು.

ಅಮ್ಮ.

ಕೈಯಲ್ಲಿ ಒಂದು ಕಾಗದ. "ನಮಸ್ಕಾರ. ಇದು ನೀವು ಕಳಿಸಿದ್ದಾ? ಓದ್ಲಿಕ್ಕೆ ನಂಗೆ ಅರ್ಧ ದಿನ ಬೇಕಾತು."

"ಹೌದು ಅಕ್ಕೋರೆ," ಎಂದು ಸರ್ ಎದ್ದು ನಿಂತರು. "ಮಕ್ಕಳ ಎಡಗೈಗೆ ಹೊಡಿಯುದು ಮಹಾಪಾಪ ಅಂತ ಬರ್ದಿದ್ದೆ. ಎಡಗೈಲೇ ಬರ್ದೆ. ಐವತ್ತು ವರ್ಷದ ಮೇಲೆ."

ಅಮ್ಮ ಕಾಗದವನ್ನೊಮ್ಮೆ, ಸರ್ ಮುಖವನ್ನೊಮ್ಮೆ ನೋಡಿದಳು. ಸಿಟ್ಟು ತುಂಬಿಕೊಂಡು ಬಂದ ಮುಖ ಮೆತ್ತಗಾಯಿತು.

"ಅಕ್ಷರ ಚಲೋ ಬಂದದೆ," ಎಂದಳು. "ಬಿಡ್ಬೇಡಿ. ದಿನಾ ಒಂದು ಪುಟ ಬರೀರಿ."

ಸರ್ ಒಂದನೇ ಕ್ಲಾಸಿನ ಹುಡುಗನಂತೆ ತಲೆಯಾಡಿಸಿದರು.

"ಆದ್ರೆ ಸರ್, ನನ್ನ ಅಂಗನವಾಡಿಲಿ ಇಬ್ರು ಎಡಚ ಮಕ್ಳು ಇದ್ದಾವೆ. ಒಬ್ರಿಗೂ ಕೈ ಬದ್ಲು ಅಂತ ನಾ ಹೇಳಿಲ್ಲ. ಇನ್ನು ಇವ್ಳು..." ಅಮ್ಮ ಆಗ ನನ್ನ ಕಡೆ ತಿರುಗಿದಳು. "ಇವ್ಳು ಹೊಟ್ಟೆಲಿದ್ದಾಗಲೇ ಬಲಗೈಲಿ ಗುದ್ದಿದವ್ಳು."

ಶೆಡ್ಡು ಉಸಿರು ಹಿಡಿಯಿತು, ಯಾರೂ ಹೇಳದೆಯೇ. ಸರ್ ನನ್ನನ್ನು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ತಮ್ಮ ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡರು. ನನ್ನ ಹದಿನಾರು ವರ್ಷದ ಜೀವನದಲ್ಲಿ ನಾನು ಅಷ್ಟು ಸಣ್ಣವಳಾದದ್ದಿಲ್ಲ. ಬಂಗಡೆಯ ಮುಳ್ಳೂ ನನಗಿಂತ ದಪ್ಪವಿತ್ತು.

"ತಪ್ಪಾತು ಸರ್. ಈ ಎಡಗೈ ಪಿಸ್ತೂಲಿನ ಆಸೆಗೆ ಸುಳ್ಳು ಹೇಳ್ದೆ," ಎಂದೆ.

"ಇದು ಯಾರ ಕೈಗೆ ಆತದೆ?" ಅಮ್ಮ ಪಿಸ್ತೂಲು ತೋರಿಸಿ ಕೇಳಿದಳು. ಕರವಸ್ತ್ರ ಸುತ್ತುತ್ತಾ ನಿಂತಿದ್ದ ಅಫ್ರೀನಳ ಕಡೆ ಎಲ್ಲರೂ ನೋಡಿದರು. "ಕೊಡು ಅದಕ್ಕೆ."

ಎಡಗೈಯಲ್ಲಿ ಎತ್ತಿದೆ.

"ಬಲಗೈಲಿ!"

ಬಲಗೈಯಲ್ಲಿ ಕೊಟ್ಟೆ. ಅಫ್ರೀನ್ ಎಡಗೈಯಲ್ಲಿ ತೆಗೆದುಕೊಂಡಳು. ಬೆರಳುಗಳು ಆ ತಗ್ಗುಗಳೊಳಗೆ ಮನೆಗೆ ಬಂದವರಂತೆ ಇಳಿದವು. ಅವಳ ಬಾಯಿಂದ ಸಣ್ಣದೊಂದು "ಯಾ ಅಲ್ಲಾ" ಬಂತು. ಸರ್ ಜೇಬಿನಿಂದ ಕೈ ಹೊರಗೆ ತೆಗೆದು, 'ಪ' ಹೊಡೆದುಹಾಕಿ, ಎಡಗೈಯಲ್ಲೇ ಮೆಲ್ಲಗೆ 'ಅ' ಬರೆದರು. ಸೊಟ್ಟಗಿತ್ತು. ಅಷ್ಟು ಚಂದದ 'ಅ' ನಾನು ನೋಡಿಲ್ಲ.

ನಂತರ ಅಮ್ಮ ನನ್ನ ಕಿವಿ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಬಂದಳು. ಯಾವ ಕೈಯಲ್ಲಿ ಹಿಡಿದಿದ್ದಳು ಎಂದು ಕೇಳಬೇಡಿ. ಎರಡೂ ಕಿವಿ ಕೆಂಪಾಗಿದ್ದವು!