ಬೆನ್ನಿನ ಕೆಳಗಿನ ಗಾಳಿ

ಗಾಳಿ ಹಾಸಿಗೆಯಲ್ಲಿ ಬೆಳಗಿನವರೆಗೆ ಗಾಳಿ ನಿಲ್ಲುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಸರ್ವೆ ಕ್ಯಾಂಪುಗಳಲ್ಲಿ ಇಂಥ ನಂಬಿಕೆಗಳಿಗೆ ಬರವಿರಲಿಲ್ಲ. ಗುಡಾರ ಎಲ್ಲಿ ಹೊಡೆದರೂ ಒಂದೊಂದು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು.

ನಾನು ಓದಿದ್ದು ಭೂವಿಜ್ಞಾನ. ಬಂಡೆ ನೋಡುವುದಕ್ಕೆ ಸಂಬಳ ಕೊಡುತ್ತಿದ್ದರು, ಅದರ ಮೇಲೆ ಮಲಗುವುದು ಪುಕ್ಕಟೆ. ಬೆನ್ನು ಹಿಡಿದುಕೊಂಡಿತು. ತಿಂಗಳೊಳಗೆ ನೆಟ್ಟಗಾಗದಿದ್ದರೆ ತುಮಕೂರಿನ ಕಚೇರಿಯಲ್ಲಿ ಕುರ್ಚಿ ಕೊಡುತ್ತೇನೆ ಎಂದು ಮೇಲಧಿಕಾರಿ ಹೇಳಿಕಳಿಸಿದರು. ಆ ಕುರ್ಚಿಯನ್ನು ನಾನು ನೋಡಿದ್ದೆ. ಕೂಡಲೇ ಬೆಂಗಳೂರಿಗೆ ಹೋಗಿ, ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಒಂದು ರಬ್ಬರ್ ಹಾಸಿಗೆ ತಂದೆ. ರಾತ್ರಿ ಪಲ್ಲಕ್ಕಿಯ ಹಾಗಿರುತ್ತಿತ್ತು. ಬೆಳಿಗ್ಗೆ ಏಳುವಾಗ ಹಪ್ಪಳ.

ಕೊರಟಗೆರೆ: ಮಡಿ ಗಾಳಿ

ಜೊತೆಯಲ್ಲಿದ್ದ ಓವರ್‌ಸಿಯರ್ ಆಚಾರವಂತರು. ಕಾರಣ ಅವರಿಗೆ ತಕ್ಷಣ ಹೊಳೆಯಿತು. "ಬಾಯಲ್ಲಿ ಊದಿದ್ರಿ ಅಲ್ವೇ? ಎಂಜಲು ಗಾಳಿ ಸ್ವಾಮಿ. ಅದು ಹೇಗೆ ನಿಲ್ಲುತ್ತೆ?"

ನಾನು ಒಪ್ಪಲಿಲ್ಲ, ಆದರೆ ಬೆನ್ನು ಒಪ್ಪಿತು. ಸೈಕಲ್ ಪಂಪು ತರಿಸಿದೆ. ಓವರ್‌ಸಿಯರ್ ಸ್ನಾನ ಮಾಡಿ ಬಂದು ತಾವೇ ಒತ್ತಿ ತುಂಬಿದರು.

ಮಡಿ ಗಾಳಿಯೂ ಬೆಳಗಾಗುವುದರೊಳಗೆ ಹೊರಟುಹೋಗಿತ್ತು.

ಸಿರಾ: ತಜ್ಞರ ಅಭಿಪ್ರಾಯ

ಸೈಕಲ್ ಅಂಗಡಿಯ ಸಾಹೇಬರ ಪಂಕ್ಚರ್ ನೋಡುವ ತೊಟ್ಟಿಯಲ್ಲಿ ಹಾಸಿಗೆ ಹಿಡಿಯಲಿಲ್ಲ. ಕೆರೆಗೆ ಹೊತ್ತೆವು. ಜನ ಸೇರಿತು. ಸಾಹೇಬರು ಮುಳುಗಿಸಿ ನೋಡಿದರು, ತಿರುವಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಇನ್ನೂ ಒತ್ತಡ ಬೇಕೆಂದು ಊರಿನ ದಪ್ಪನೆಯ ಜವಳಿ ವ್ಯಾಪಾರಿಯನ್ನು ಹತ್ತಿಸಿದರು. ಅವರು ಮಧ್ಯಾಹ್ನವೆಲ್ಲ ಎಲೆ ಅಡಿಕೆ ಹಾಕುತ್ತ ಕೆರೆಯಲ್ಲಿ ತೇಲಿದರು, ಇಳಿಯಲು ಒಪ್ಪಲಿಲ್ಲ.

ಹಾಗಾದರೆ ತೂತಿಲ್ಲವೇ ಎಂದು ಕೇಳಿದೆ. ಸಾಹೇಬರಿಗೆ ಬೇಸರವಾಯಿತು. "ಕ್ಯಾ ಸಾಬ್, ತೂತಿಲ್ದಿದ್ರೆ ನನ್ನ ಅಂಗಡಿಗೆ ಯಾಕೆ ಬರ್ತಿತ್ತು?" ಎಂದು ಅನುಮಾನ ಬಂದ ಕಡೆಯೆಲ್ಲ ಪ್ಯಾಚು ಹಾಕಿದರು.

ಮರುದಿನ ಬೆಳಿಗ್ಗೆಯೂ ಹಪ್ಪಳ. ಇದು ನೀರಿನಲ್ಲಿ ಮಲಗುವವರ ಹಾಸಿಗೆ ಎಂದು ಸಿರಾ ತೀರ್ಮಾನಿಸಿತು.

ಪಾವಗಡ: ನೆಲದ ದೋಷ

ರಾಯಚರ್ಲಿನ ಹತ್ತಿರ ಗುಡಾರ ಹೊಡೆದ ಹೊಲದ ಯಜಮಾನರು ವಿಷಯ ಕೇಳಿ ತೆಲುಗು ಬೆರೆತ ಕನ್ನಡದಲ್ಲಿ ನಕ್ಕರು. "ಮಾ ನೆಲ ನೀರನ್ನೇ ನಿಲ್ಲಿಸಲ್ಲ ಸಾರೂ, ಗಾಳಿ ಏಂ ಲೆಕ್ಕ?" ಕೆಳಗೆ ಕಂಬಳಿ ಹಾಸಿದರೆ ನೆಲ ಎಳೆದುಕೊಳ್ಳುವುದಿಲ್ಲ ಎಂದು ಸ್ವಂತ ಕಂಬಳಿಯನ್ನೇ ಕೊಟ್ಟರು.

ಬೆಳಿಗ್ಗೆ ಹಾಸಿಗೆಗಿಂತ ಕಂಬಳಿ ದಪ್ಪವಿತ್ತು.

ಮಧುಗಿರಿ: ತೂತು ಸಿಕ್ಕಿದ್ದು

ಮಧುಗಿರಿಗೆ ಬಂದಾಗ ನಾನು ಗೂನನಾಗಿದ್ದೆ. ಮೇಲಧಿಕಾರಿ ವಾರದಲ್ಲಿ ಬರುವವರಿದ್ದರು. ಗಾಳಿ ಹೋಗುವುದನ್ನು ಕಣ್ಣಾರೆ ನೋಡೋಣವೆಂದು ಒಂದು ಮುಂಜಾನೆ ಬೇಗ ಎಚ್ಚರಗೊಂಡು ಸುಮ್ಮನೆ ಮಲಗಿದ್ದೆ. ಹಾಸಿಗೆ ಗಟ್ಟಿಯಾಗಿಯೇ ಇತ್ತು. ಬೆಳಕು ಹರಿಯುವ ಹೊತ್ತಿಗೆ ಗುಡಾರದ ಅಡಿಯಿಂದ ಒಂದು ಕೈ ಒಳಗೆ ಬಂತು. ತಲೆಯ ಹತ್ತಿರವಿದ್ದ ರಬ್ಬರ್ ಕೊಳವೆಯನ್ನು ಹಿಡಿದು ನಯವಾಗಿ ಹೊರಗೆಳೆಯಿತು. ಬಿರಡೆ ಬಿಚ್ಚಿದ ಸದ್ದು. ನಾನು ಮೆಲ್ಲಗೆ ಇಳಿಯತೊಡಗಿದೆ.

ಹೊರಗೆ ಹೋಗಿ ನೋಡಿದರೆ, ನಮ್ಮ ಕ್ಯಾಂಪಿನ ಅಡುಗೆಯವನು, ಹುಲಿಕುಂಟೆ ಊರಿನವನು, ಕೊಳವೆಯನ್ನು ಪಕ್ಕದಲ್ಲೇ ಹೂಡಿದ್ದ ಒಲೆಗೆ ಹಿಡಿದು ಕೂತಿದ್ದ. ಕೆಂಡ ನಿಗಿನಿಗಿ ಎನ್ನುತ್ತಿತ್ತು.

ಏನಯ್ಯಾ ಇದು ಎಂದೆ.

"ಊದುಗೊಳವೆ ಕೊರಟಗೆರೆಗೆ ಬರೋಕೆ ಮುಂಚೆನೇ ಕಳೆದೋಯ್ತು ಸಾಮಿ. ಊದಿ ಊದಿ ಎದೆ ನೋವು ಬಂದ್ಬುಟ್ಟಿತ್ತು. ನೀವು ಹೆಂಗೂ ಮ್ಯಾಲೆ ಮಲಗಿರ್ತೀರಲ್ಲ, ಒಳ್ಳೆ ಗಾಳಿ ಬತ್ತದೆ. ಆಮ್ಯಾಕೆ ಬಿರಡೆ ಹಾಕಿ ಒಳಕ್ಕೆ ತಳ್ಬುಡ್ತೀನಿ." ಆಮೇಲೆ ಸ್ವಲ್ಪ ಆಕ್ಷೇಪಣೆಯ ದನಿಯಲ್ಲಿ ಸೇರಿಸಿದ: "ಈಗ ಎದ್ದುಬುಟ್ರಲ್ಲ, ನಿಂತೋಯ್ತು. ಕಾಪಿ ತಡ ಆಯ್ತದೆ."

ಅಂದೇ ಸಂತೆಯಿಂದ ಒಂದು ಕಬ್ಬಿಣದ ಊದುಗೊಳವೆ ತಂದುಕೊಟ್ಟೆ. ಅಲ್ಲಿಂದ ಮುಂದೆ ಬಿಸಿಲು ಮುಖಕ್ಕೆ ಹೊಡೆಯುವವರೆಗೆ ಪಲ್ಲಕ್ಕಿಯಲ್ಲೇ ಮಲಗಿದೆ. ಮೇಲಧಿಕಾರಿ ಬಂದ ದಿನ ಅವರಿಗಿಂತ ಮುಂದೆ ಮಧುಗಿರಿಯ ಬೆಟ್ಟ ಹತ್ತಿ, ಅವರು ಏದುಸಿರು ಬಿಡುತ್ತ ಬರುವುದನ್ನು ಮೇಲಿನಿಂದ ನೆಟ್ಟಗೆ ನಿಂತು ನೋಡಿದೆ. ಕುರ್ಚಿಯ ಮಾತು ಅವರು ಎತ್ತಲಿಲ್ಲ. ಹಾಸಿಗೆಯ ತೂತು ಕೊನೆಗೆ ಎಲ್ಲಿ ಸಿಕ್ಕಿತು ಎಂದಷ್ಟೇ ಕೇಳಿದರು.

ತೂತು ಇರಲೇ ಇಲ್ಲ.