ಭಾವನ ಕಿಟಕಿ ಪರೀಕ್ಷೆ

ನಮ್ಮ ಭಾವನನ್ನು ಊಟಕ್ಕೆ ಕರೆಯುವವರು ಪಾಯಸ ಮಾಡದಿದ್ದರೂ ನಡೆಯುತ್ತದೆ, ಕಿಟಕಿಗಳನ್ನು ಮಾತ್ರ ಚೆನ್ನಾಗಿ ಒರೆಸಿಟ್ಟಿರಬೇಕು! ಯಾಕೆಂದರೆ ಕಳೆದ ವರ್ಷವಿಡೀ ಅವರು ಯಾರ ಮನೆಗೆ ಹೋದರೂ ಶೂ ಬಿಚ್ಚಿ ನೇರವಾಗಿ ಕಿಟಕಿಯ ಬಳಿ ನಡೆದು, ಗಾಜಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಮನೆಯವರು ಗಾಬರಿಯಿಂದ “ಏನಾಯ್ತು ಡಾಕ್ಟ್ರೇ?” ಎಂದರೆ, “ಗಾಳಿ ಬರ್ತಿಲ್ಲ. ಯಾರ ಹತ್ರ ಹಾಕಿಸಿದ್ರಿ?” ಎನ್ನುತ್ತಿದ್ದರು.

ಭಾವ ಐರ್ಲೆಂಡಿನ ಡೊನೆಗಾಲ್ ಜಿಲ್ಲೆಯ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ಊರಿನವರನ್ನೆಲ್ಲ ಸಲೀಸಾಗಿ ಮಲಗಿಸುವ ಈ ಮನುಷ್ಯನ ಮನೆಯಲ್ಲೇ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ! ಗುಡ್ಡದ ಮೇಲಿನ ಹಳೆಯ ಮನೆ. ಗಾಳಿ ಬೀಸಿತೆಂದರೆ ಕಿಟಕಿಗಳೆಲ್ಲ ಹಲ್ಲು ಕಡಿಯುತ್ತಿದ್ದವು. ನಮ್ಮಕ್ಕ ಸ್ವೆಟರ್ ಮೇಲೆ ಕೋಟು ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು. ದೀಪಾವಳಿಗೆ ನಾನು ಡಬ್ಲಿನ್‌ನಿಂದ ಹೋಗಿದ್ದಾಗ ತಣ್ಣಗೆ ಹೇಳಿದಳು:

“ಇನ್ನೊಂದು ಚಳಿಗಾಲ ನಾನಿಲ್ಲಿ ಇರಲ್ಲ ಕಣೋ. ಸ್ಯಾಂಟ್ರಿಯಲ್ಲಿ ನಿಮ್ಮನೆ ಹತ್ರಾನೇ ಒಂದು ಅಪಾರ್ಟ್‌ಮೆಂಟ್ ನೋಡು. ಇವರು ರಜಾ ಸಿಕ್ಕಾಗ ಬಂದು ಹೋಗ್ಲಿ.”

ಭಾವ ಸೋಫಾದಲ್ಲಿ ಕುಳಿತಿದ್ದರು. ಅವರ ಕೈಯಲ್ಲಿದ್ದ ಚಕ್ಕುಲಿ ಬಾಯಿಗೆ ಹೋಗದೆ ತಟ್ಟೆಗೆ ವಾಪಸ್ಸಾಯಿತು.

ಮರುದಿನವೇ ರೋಗಪರೀಕ್ಷೆ ಶುರು. ಊದುಬತ್ತಿ ಹಚ್ಚಿಕೊಂಡು ಪ್ರತಿ ಕಿಟಕಿಯ ಚೌಕಟ್ಟಿನ ಸುತ್ತ ನಿಧಾನವಾಗಿ ಕೈಯಾಡಿಸಿದರು. ಹೊಗೆ ಎಲ್ಲಿ ಬಾಗಿತೋ ಅಲ್ಲೊಂದು ಬ್ಯಾಂಡೇಜ್ ಪಟ್ಟಿ ಅಂಟಿಸಿದರು. ಸಂಜೆಯ ಹೊತ್ತಿಗೆ ಮನೆ ಅಪಘಾತದ ವಾರ್ಡಿನಂತಾಗಿತ್ತು. ಹೊರಗಿನಿಂದ ಇದನ್ನೆಲ್ಲ ನೋಡಿದ ಪಕ್ಕದ ಮನೆಯ ಐರಿಷ್ ಅಜ್ಜಿ, ಇವರದೇನೋ ಕಿಟಕಿ ಹಬ್ಬವಿರಬೇಕೆಂದು ತಿಳಿದು ಕೇಕ್ ಮಾಡಿ ತಂದುಕೊಟ್ಟರು!

ಆಮೇಲೆ ಕಿಟಕಿ ಮಾರುವವರು ಬರತೊಡಗಿದರು. ಮೊದಲನೆಯವನು ಮಾದರಿ ತುಂಡೊಂದನ್ನು ಮೇಜಿನ ಮೇಲಿಟ್ಟು, ಮೂರು ಪದರದ ಗಾಜು ಎಂದ. ಭಾವ ಲೈಟರ್ ಹೊತ್ತಿಸಿ ಗಾಜಿನ ಮುಂದೆ ಹಿಡಿದು, ಒಳಗೆ ಮೂಡಿದ ಪ್ರತಿಬಿಂಬಗಳನ್ನು ಎಣಿಸಿದರು.

“ಒಂದೊಂದು ಗಾಜಿಗೂ ಒಂದು ಜೋಡಿ ದೀಪ ಕಾಣ್ಬೇಕು. ಇಲ್ಲಿ ಎರಡೇ ಜೋಡಿ ಇದೆಯಲ್ಲಪ್ಪ?”

ಅವನು ಬಗ್ಗಿ ನೋಡಿದ, ಎಣಿಸಿದ, ಟೀಯನ್ನು ಅರ್ಧಕ್ಕೇ ಬಿಟ್ಟು ಹೋದ. ಎರಡನೆಯವನಿಗೆ ಎಲ್ಲ ಪ್ರಶ್ನೆಗೂ ‘ಎಲ್ಲ ಸೊಗಸಾಗಿದೆ’ ಎನ್ನುವ ಒಂದೇ ಐರಿಷ್ ಉತ್ತರ. ಮಳೆ ನೀರು ಒಳಗೆ ಬರುತ್ತದೆಯೇ? “ಗ್ರ್ಯಾಂಡ್.” ಗಾಜುಗಳ ನಡುವೆ ಯಾವ ಅನಿಲ ತುಂಬಿದ್ದೀರಿ? “ಗ್ರ್ಯಾಂಡ್.” ಭಾವ ಅವನನ್ನು ಬಾಗಿಲವರೆಗೆ ಬಿಟ್ಟುಬಂದರು.

ಮೂರನೆಯವರು ಸ್ವಂತ ಕಾರ್ಖಾನೆಯಿದ್ದ ಒಬ್ಬ ಹೆಂಗಸು. ಆಕೆ ಬೆಲ್ ಕೂಡ ಒತ್ತದೆ ನೇರ ಹಾಲಿನ ಕಿಟಕಿಗೆ ಬಂದು, ಹೊರಗಿನಿಂದ ಗಾಜಿಗೆ ಕೆನ್ನೆ ಒತ್ತಿದರು. ಒಳಗೆ ಭಾವ ಮೊದಲೇ ಒತ್ತಿಕೊಂಡು ನಿಂತಿದ್ದರು! ಅಕ್ಕ ನನಗೆ ಫೋನ್ ಮಾಡಿ, “ನಮ್ಮ ಮದುವೆ ದಿನಾನೂ ಇವರ ಮುಖ ಇಷ್ಟು ಅರಳಿರಲಿಲ್ಲ” ಎಂದಳು. ಆರ್ಡರ್ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೇ?

ಹೊಸ ಕಿಟಕಿಗಳು ಬಂದು ಕೂತ ಮೇಲೆ ಭಾವ ಬಿರುಗಾಳಿಗಾಗಿ ಕಾದರು. ಡೊನೆಗಾಲ್‌ನಲ್ಲಿ ಅದಕ್ಕೇನು ಬರವೇ? ನಾನು ಹೋಗಿದ್ದ ಭಾನುವಾರವೇ ಬಂತು. ಭಾವ ಪ್ರತಿ ಕಿಟಕಿಯ ಮುಂದೆಯೂ ಒಂದೊಂದು ದೀಪ ಹಚ್ಚಿಟ್ಟರು. ಹೊರಗೆ ಮರಗಳು ನೆಲಕ್ಕೆ ಬಾಗುತ್ತಿದ್ದವು, ಒಳಗೆ ಜ್ವಾಲೆಗಳು ನೆಟ್ಟಗೆ ನಿಂತಿದ್ದವು. ಯಾರದೋ ಕಸದ ಡಬ್ಬಿಯೊಂದು ರಸ್ತೆಯಲ್ಲಿ ಉರುಳುತ್ತ ಹೋಯಿತು, ಸದ್ದೇ ಇಲ್ಲ! ಅಕ್ಕ ಕೋಟು ತೆಗೆದಳು. ಸ್ವಲ್ಪ ಹೊತ್ತಿಗೆ ಸ್ವೆಟರನ್ನೂ ತೆಗೆದಳು. ಭಾವ ಕಪ್ ಗೆದ್ದ ಕ್ಯಾಪ್ಟನ್ನಿನಂತೆ ಹಾಲಿನಲ್ಲಿ ಒಂದು ಸುತ್ತು ಹಾಕಿದರು.

“ಹಾಗಾದ್ರೆ ಸ್ಯಾಂಟ್ರಿ?”

“ಸುಮ್ನೆ ಟೀ ಕುಡೀರಿ,” ಎಂದು ಅಕ್ಕ ನಗುತ್ತ ಲೋಟ ತೊಳೆಯಲು ಅಡುಗೆಮನೆಗೆ ಹೋದಳು.

ಆಗ ನಾನು ಗಮನಿಸಿದೆ. ಉಳಿದ ಕಿಟಕಿಗಳೆಲ್ಲ ಹಳೆಯ ಅಳತೆಯಲ್ಲೇ ಇದ್ದವು, ಅಡುಗೆಮನೆಯದು ಮಾತ್ರ ಗೋಡೆ ಒಡೆದು ಕೆಳಕ್ಕೆ ಇಳಿದಿತ್ತು.

“ಗಾಜು ದೊಡ್ಡದಾದಷ್ಟೂ ಚಳಿ ಜಾಸ್ತಿ ಅಂತ ನೀವೇ ಹೇಳ್ತಿದ್ರಲ್ಲ ಭಾವ?”

ಭಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

“ನಿಮ್ಮಕ್ಕ ಕುಳ್ಳಿ. ನಾನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಸಿಂಕ್ ಹತ್ರ ತುದಿಗಾಲಲ್ಲಿ ನಿಂತು ಗೇಟ್ ನೋಡ್ತಿರ್ತಾಳೆ. ಇಷ್ಟು ವರ್ಷ ನನಗೆ ಕಾರಿಂದ ಅವಳ ಹಣೆ, ಎರಡು ಕಣ್ಣು ಮಾತ್ರ ಕಾಣ್ತಿತ್ತು. ಈಗ ಪೂರ್ತಿ ಮುಖ ಕಾಣುತ್ತೆ.”